ಪಂದ್ಯ ಹೋದರೆ ಹೋಗಲಿ ಎಂದ ಸವಾರ

ಬಿದ್ದವನನ್ನು ನೋಡುವವರು ನೂರು ಜನ, ಎತ್ತುವವರು ಒಬ್ಬರೋ ಇಬ್ಬರೋ. ಅಂಥ ಒಬ್ಬರು ಫ್ರಾನ್ಸಿನ ಸೈಕಲ್ ಸವಾರ ರೊಮೇನ್ ಬಾರ್ಡೆ.

2022ರ ಏಪ್ರಿಲ್ 24. ಬೆಲ್ಜಿಯಂನ ಲಿಯೇಜ್ ಕಡೆಯಿಂದ ಬಾಸ್ತೋನ್‌ಗೆ ಹೋಗಿ ವಾಪಸ್ ಬರುವ, 1892ರಲ್ಲೇ ಶುರುವಾದ ಹಳೇ ಪಂದ್ಯ. ದೂರ 250 ಕಿ.ಮೀ.ಗೂ ಮೇಲೆ. ಸುಮಾರು 60 ಕಿ.ಮೀ. ಬಾಕಿ ಇರುವಾಗ ಸವಾರರು ಒಬ್ಬರ ಮೇಲೊಬ್ಬರು ಬಿದ್ದರು. ಆಗಿನ ವಿಶ್ವ ಚಾಂಪಿಯನ್ ಜೂಲಿಯನ್ ಅಲಾಫಿಲಿಪ್ ರಸ್ತೆ ಬದಿಯ ಇಳಿಜಾರಿಗೆ ಉರುಳಿ ಮರಕ್ಕೆ ಬಡಿದರು. ಎರಡು ಪಕ್ಕೆಲುಬು, ಭುಜದ ಎಲುಬು ಮುರಿದವು, ಶ್ವಾಸಕೋಶಕ್ಕೂ ಪೆಟ್ಟು. ಉಸಿರಾಡೋದೇ ಕಷ್ಟ.

ಬಾರ್ಡೆ ಎದುರಾಳಿ ತಂಡದವರು. ಆದರೂ ಸೈಕಲ್ ಬಿಟ್ಟು ಇಳಿಜಾರಿಗಿಳಿದು ಅವರ ಪಕ್ಕ ನಿಂತು, ಸಹಾಯಕ್ಕೆ ಕೂಗಿದರು. ತಮ್ಮ ಗೆಲುವಿನ ಆಸೆ ಅಲ್ಲಿಗೇ ಬಿಟ್ಟರು. ಕಪ್ಪು ರೆಮ್ಕೊ ಎವೆನೆಪೂಲ್ ಪಾಲಾಯಿತು. ಅಲಾಫಿಲಿಪ್ ಅದೇ ವರ್ಷ ಮತ್ತೆ ಸೈಕಲ್ ಏರಿ ಪಂದ್ಯಕ್ಕೆ ಬಂದರು.