ಡಿಟಿಎಚ್‌ನ 'ಒಂದು ತಿಂಗಳು ಉಚಿತ': ಹಳೇ ಗ್ರಾಹಕರಿಗೆ ನಿಜಕ್ಕೂ ಲಾಭವಿದೆಯೇ?

"ನೀವು ನಮ್ಮ ಅಮೂಲ್ಯ ಗ್ರಾಹಕರು. ಹನ್ನೊಂದು ತಿಂಗಳ ರೀಚಾರ್ಜ್ ಮಾಡಿಸಿ, ಹನ್ನೆರಡನೇ ತಿಂಗಳು ಉಚಿತವಾಗಿ ಪಡೆಯಿರಿ."

ಮನೆಯಲ್ಲಿ ಡಿಟಿಎಚ್ ಇದ್ದರೆ ಇಂತಹ ಮೆಸೇಜ್ ನಿಮಗೂ ಬಂದಿರುತ್ತದೆ. ನಮ್ಮ ಮನೆಗೂ ಬಂದಿತ್ತು. "ಹತ್ತು ವರ್ಷದಿಂದ ಇವರ ಹತ್ತಿರವೇ ಇದ್ದೇವಲ್ಲ, ಅದಕ್ಕೇ ಕೊಟ್ಟಿದ್ದಾರೆ" ಎಂದು ಅಪ್ಪನಿಗೆ ಖುಷಿಯೋ ಖುಷಿ. ವರ್ಷದ ರೀಚಾರ್ಜ್ ಮಾಡಿಸಿದೆವು. ಐದನೇ ತಿಂಗಳಲ್ಲಿ ಅಕ್ಕನ ಬಾಣಂತನಕ್ಕೆಂದು ಅಪ್ಪ ಅಮ್ಮ ಇಬ್ಬರೂ ಊರಿಗೆ ಹೋದರು. ಮೂರು ತಿಂಗಳು ಟಿವಿ ಹಾಕಿದವರೇ ಇಲ್ಲ. ಒಂದು ತಿಂಗಳು ಪುಕ್ಕಟೆ ಸಿಕ್ಕಿತು ನಿಜ, ಆದರೆ ನೋಡದ ಮೂರು ತಿಂಗಳಿಗೆ ಮೊದಲೇ ದುಡ್ಡು ಕೊಟ್ಟಾಗಿತ್ತು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 300 ರೂಪಾಯಿಯ ಪ್ಯಾಕ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,600 ಆಗಬೇಕಿದ್ದದ್ದು ಆಫರ್‌ನಲ್ಲಿ 3,300 ಆಗುತ್ತದೆ. ಅಂದರೆ ಶೇ. 8.3 ರಿಯಾಯಿತಿ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವವರು ಊರಿಗೆ ಹೋದಾಗ ಸುಮ್ಮನೆ ಬಿಟ್ಟುಬಿಡಬಹುದು. ಒಂಬತ್ತು ತಿಂಗಳು ನೋಡಿದರೆ ಅವರಿಗೆ ಬೀಳುವುದು 2,700 ರೂಪಾಯಿ ಮಾತ್ರ. ನಮ್ಮ 'ಉಚಿತ' ತಿಂಗಳಿಗೆ ನಾವು 600 ರೂಪಾಯಿ ಜಾಸ್ತಿ ಕೊಟ್ಟಂತಾಯಿತು. ವರ್ಷದಲ್ಲಿ ಒಂದು ತಿಂಗಳು ಟಿವಿ ನಿಂತರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ತಿಂಗಳು ನಿಂತರೆ ನಷ್ಟ. ವರ್ಷಪೂರ್ತಿ ತಪ್ಪದೆ ಅದೇ ಪ್ಯಾಕ್ ನೋಡುವ ಮನೆಗೆ ಮಾತ್ರ ಈ ಆಫರ್ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ.

ಹಾಗಾದರೆ ಕಂಪನಿ ಇದನ್ನು ಕೊಡುವುದೇಕೆ?

ನಾವು ಹಳಬರು ಎಂಬ ಪ್ರೀತಿಯಿಂದ ಅಂತೂ ಅಲ್ಲ. ಹನ್ನೊಂದು ತಿಂಗಳ ಹಣ ಒಟ್ಟಿಗೇ ಕೈಸೇರುತ್ತದೆ, ಅಷ್ಟು ದಿನ ಗ್ರಾಹಕ ಎಲ್ಲಿಗೂ ಹೋಗುವುದಿಲ್ಲ. ಈಗಿನ ಪರಿಸ್ಥಿತಿಯಲ್ಲಿ ಎರಡನೆಯದೇ ಕಂಪನಿಗೆ ದೊಡ್ಡದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಕೊಡುವ ಲೆಕ್ಕದ ಪ್ರಕಾರ 2021ರಲ್ಲಿ ದೇಶದಲ್ಲಿ ಸುಮಾರು 7 ಕೋಟಿ ಇದ್ದ ಡಿಟಿಎಚ್ ಚಂದಾದಾರರು 2024ರ ಮಾರ್ಚ್ ಹೊತ್ತಿಗೆ ಸುಮಾರು 6.2 ಕೋಟಿಗೆ ಇಳಿದಿದ್ದರು. ಜನ ಮೊಬೈಲ್, ಒಟಿಟಿ, ದೂರದರ್ಶನದ ಫ್ರೀ ಡಿಶ್ ಕಡೆ ಹೊರಳುತ್ತಿರುವಾಗ ಇರುವವರನ್ನು ಕಟ್ಟಿಹಾಕುವುದೇ ವ್ಯಾಪಾರ.

ಇಂತಹ ರಿಯಾಯಿತಿಗೆ ನಿಯಮದ ಒಪ್ಪಿಗೆಯೂ ಇದೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಗೆ ಚಂದಾ ಪಡೆಯುವವರಿಗೆ ರಿಯಾಯಿತಿ ಕೊಡಬಹುದು ಎಂದು ಟ್ರಾಯ್ 2020ರ ಜನವರಿಯ ತಿದ್ದುಪಡಿಯಲ್ಲಿ ಹೇಳಿತು. ಆದರೆ ಅದು ದೀರ್ಘಾವಧಿಯ ರಿಯಾಯಿತಿ, ಹಳೇ ಗ್ರಾಹಕರ ರಿಯಾಯಿತಿ ಅಲ್ಲ. ನಿನ್ನೆ ಸೇರಿದವರೂ ವರ್ಷದ ದುಡ್ಡು ಕಟ್ಟಿದರೆ ಪಡೆಯಬಹುದಾದದ್ದನ್ನೇ ನಮಗೆ 'ನಿಮ್ಮ ನಿಷ್ಠೆಗೆ ಉಡುಗೊರೆ' ಎಂದು ಕೊಡುವುದುಂಟು. ಎಷ್ಟೋ ಸಲ ಹೊಸಬರಿಗೆ ಕನೆಕ್ಷನ್ ಜೊತೆ ಸಿಗುವ ಆಫರ್ ಹಳಬರಿಗೆ ಸಿಗುವುದೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಬ್ರಿಟನ್ನಿನಲ್ಲಿ ಸ್ಕೈ ಎಂಬ ಟಿವಿ ಕಂಪನಿ 2017ರಲ್ಲಿ, ಎಷ್ಟು ವರ್ಷದಿಂದ ಗ್ರಾಹಕರೋ ಅಷ್ಟು ಮೇಲಿನ ದರ್ಜೆ ಎಂಬಂತಹ ಬಹುಮಾನ ಯೋಜನೆ ತಂದಿತು. ಮರು ವರ್ಷವೇ ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಎಂಬ ಗ್ರಾಹಕ ಸಂಸ್ಥೆ ಇದಕ್ಕೆ ಉಲ್ಟಾ ವಿಷಯವನ್ನು ಎತ್ತಿತು. ಮೊಬೈಲ್, ಬ್ರಾಡ್‌ಬ್ಯಾಂಡ್, ಮನೆ ವಿಮೆ, ಉಳಿತಾಯ ಖಾತೆ, ಗೃಹಸಾಲ ಈ ಐದರಲ್ಲಿ ಕಂಪನಿ ಬದಲಿಸದೆ ಕೂತ ಗ್ರಾಹಕರು ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್ ಹೆಚ್ಚಿಗೆ ತೆರುತ್ತಿದ್ದಾರೆ ಎಂದು ಅದು ದೂರು ಕೊಟ್ಟಿತು. ಇದಕ್ಕೆ ಅಲ್ಲಿ 'ನಿಷ್ಠೆಯ ದಂಡ' ಎಂದೇ ಹೆಸರು. ಆ ಪಟ್ಟಿಯಲ್ಲಿ ಟಿವಿ ಇರಲಿಲ್ಲ. ಆದರೆ 2020ರ ಫೆಬ್ರವರಿಯಿಂದ ಅಲ್ಲಿನ ಫೋನ್, ಬ್ರಾಡ್‌ಬ್ಯಾಂಡ್ ಜೊತೆಗೆ ಟಿವಿ ಕಂಪನಿಗಳೂ ಒಪ್ಪಂದ ಮುಗಿಯುವ ಮುಂಚೆ ಗ್ರಾಹಕರಿಗೆ ತಿಳಿಸಬೇಕು, ತಮ್ಮಲ್ಲಿರುವ ಒಳ್ಳೆಯ ದರ ಯಾವುದೆಂದೂ ಹೇಳಬೇಕು ಎಂಬ ನಿಯಮ ಬಂತು.

ನಮ್ಮಲ್ಲಿ ಕಂಪನಿ ಬದಲಿಸುವುದೇ ಒಂದು ತಲೆನೋವು. ಮೊಬೈಲ್ ನಂಬರನ್ನು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರಲ್ಲೇ ಬಂತು. ಡಿಟಿಎಚ್‌ನಲ್ಲಿ ಹಾಗಿಲ್ಲ, ಒಂದು ಕಂಪನಿಯ ಸೆಟ್ ಟಾಪ್ ಬಾಕ್ಸ್ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ. ಬಾಕ್ಸ್ ಎಲ್ಲ ಕಂಪನಿಗೂ ಹೊಂದುವಂತಿರಬೇಕು ಎಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತ್ತು. ಹೊಸ ಬಾಕ್ಸ್ ಕೊಳ್ಳಬೇಕಲ್ಲ ಎಂಬ ಕಾರಣಕ್ಕೆ ಉಳಿದುಕೊಂಡದ್ದನ್ನು ನಿಷ್ಠೆ ಎಂದು ಕರೆಯಬಹುದೇ ಎಂಬುದು ನಮ್ಮ ಅನುಮಾನ.

ಪಾಯಿಂಟ್‌ಗಳ ಮೋಡಿ

ರೀಚಾರ್ಜ್‌ಗೆ ಪಾಯಿಂಟ್, ಪಾಯಿಂಟ್‌ಗೆ ಕೂಪನ್ ಎಂಬ ಯೋಜನೆಗಳು ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೆಜ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು. ಕಾರು ತೊಳೆಯುವ ಒಂದು ಅಂಗಡಿಯಲ್ಲಿ ಕೆಲವು ಗ್ರಾಹಕರಿಗೆ ಎಂಟು ಮುದ್ರೆ ಹಾಕಿಸಬೇಕಾದ ಖಾಲಿ ಕಾರ್ಡ್ ಕೊಟ್ಟರು. ಇನ್ನು ಕೆಲವರಿಗೆ ಹತ್ತು ಮುದ್ರೆಯ ಕಾರ್ಡ್, ಆದರೆ ಎರಡು ಮುದ್ರೆ ಮೊದಲೇ ಒತ್ತಿ ಕೊಟ್ಟರು. ಇಬ್ಬರೂ ಎಂಟು ಸಲವೇ ಬರಬೇಕು. ಆದರೂ ಖಾಲಿ ಕಾರ್ಡ್ ಹಿಡಿದವರಲ್ಲಿ ಶೇ. 19 ಮಂದಿ ಪೂರ್ತಿ ಮಾಡಿದರೆ, ಎರಡು ಮುದ್ರೆ 'ಪುಕ್ಕಟೆ' ಪಡೆದವರಲ್ಲಿ ಶೇ. 34 ಮಂದಿ ಪೂರ್ತಿ ಮಾಡಿದರು. ಆಗಲೇ ಶುರುವಾಗಿದೆ ಎನ್ನಿಸಿದ ಕೆಲಸವನ್ನು ಅರ್ಧಕ್ಕೆ ಬಿಡಲು ನಮಗೆ ಮನಸ್ಸಾಗುವುದಿಲ್ಲ. "ನಿಮ್ಮ ಖಾತೆಗೆ 200 ಪಾಯಿಂಟ್ ಸೇರಿಸಿದ್ದೇವೆ" ಎಂಬ ಮೆಸೇಜಿನ ಗುಟ್ಟೂ ಇದೇ.

ಈ ಖುಷಿಯನ್ನೇ ವಂಚಕರೂ ಬಳಸಿಕೊಳ್ಳುತ್ತಾರೆ. "ಹಳೇ ಗ್ರಾಹಕರಿಗೆ ಆರು ತಿಂಗಳ ಉಚಿತ ರೀಚಾರ್ಜ್" ಎಂಬ ವಾಟ್ಸಾಪ್ ಲಿಂಕ್ ಬಂದರೆ ಅದನ್ನು ಒತ್ತುವ ಮುಂಚೆ ಕಂಪನಿಯ ಆಪ್‌ನಲ್ಲಿ ನಿಮ್ಮ ಖಾತೆ ತೆರೆದು ನೋಡಿ. ನಿಜವಾದ ಆಫರ್ ಅಲ್ಲಿ ಕಾಣಿಸಬೇಕು. ಉಡುಗೊರೆ ಪಡೆಯಲು ಒಟಿಪಿ ಹೇಳಿ, ಯುಪಿಐ ಪಿನ್ ಹಾಕಿ, ಎಪಿಕೆ ಫೈಲ್ ಇಳಿಸಿಕೊಳ್ಳಿ ಎಂದರೆ ಅದು ಮೋಸ. ನೆನಪಿಡಿ, ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಉಳಿತಾಯ ಇರುವುದೆಲ್ಲಿ?

ನಮ್ಮ ಅನುಭವದಲ್ಲಿ ಆಫರ್‌ಗಿಂತ ಹೆಚ್ಚು ಉಳಿತಾಯ ಪ್ಯಾಕ್‌ನ ಒಳಗೇ ಇದೆ. 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ, ಆದರೆ ಹೆಚ್ಚಿನ ಮನೆಗಳಲ್ಲಿ ಕಂಪನಿ ಕೊಟ್ಟ ಪ್ಯಾಕೇ ಓಡುತ್ತಿರುತ್ತದೆ. ಬಿಡಿಯಾಗಿ ಕೊಂಡರೆ ಕೆಲವೊಮ್ಮೆ ಪ್ಯಾಕ್‌ಗಿಂತ ದುಬಾರಿಯಾಗುವುದೂ ಉಂಟು, ಹಾಗಾಗಿ ಎರಡನ್ನೂ ಕೂಡಿ ನೋಡಬೇಕು. ಚಾನೆಲ್‌ಗಳ ಬೆಲೆಯಲ್ಲದೆ ನೆಟ್‌ವರ್ಕ್ ಶುಲ್ಕ ಬೇರೆ ಇರುತ್ತದೆ. ಮೊದಲು ಅದಕ್ಕೆ 130 ರೂಪಾಯಿ ಮತ್ತು ತೆರಿಗೆ ಎಂಬ ಮಿತಿ ಇತ್ತು, 200 ಚಾನೆಲ್‌ವರೆಗೆ. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದುಹಾಕಿತು. ಈಗ ಕಂಪನಿಯಿಂದ ಕಂಪನಿಗೆ ಈ ಶುಲ್ಕ ಬೇರೆ ಇರಬಹುದು, ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ನಾವು ಕಸ್ಟಮರ್ ಕೇರ್‌ಗೆ ಕರೆ ಮಾಡಿ ಮೂರು ಪ್ರಶ್ನೆ ಕೇಳಿದೆವು: ವರ್ಷದ ಮಧ್ಯೆ ಊರಿಗೆ ಹೋದರೆ ಸೇವೆ ನಿಲ್ಲಿಸಿ ದಿನಗಳನ್ನು ಉಳಿಸಿಕೊಳ್ಳಬಹುದೇ? ಮಧ್ಯದಲ್ಲಿ ಪ್ಯಾಕ್ ಬದಲಿಸಿದರೆ ಉಚಿತ ತಿಂಗಳು ಉಳಿಯುತ್ತದೆಯೇ? ಇವತ್ತು ಸೇರುವ ಹೊಸ ಗ್ರಾಹಕರಿಗೆ ಏನು ಕೊಡುತ್ತಿದ್ದೀರಿ, ಅದು ನಮಗೇಕಿಲ್ಲ? ಮೂರನೆಯ ಪ್ರಶ್ನೆಗೆ ಆ ಕಡೆಯ ಹುಡುಗಿ ನಕ್ಕು, "ಒಂದು ನಿಮಿಷ ಲೈನಿನಲ್ಲಿರಿ ಸರ್" ಎಂದರು. ಹೊಸ ಆಫರ್ ಏನೂ ಸಿಗಲಿಲ್ಲ. ಆದರೆ ಅಪ್ಪ ಎಂದೂ ನೋಡದ ಇಂಗ್ಲಿಷ್ ಚಾನೆಲ್‌ಗಳ ಗುಂಪೊಂದು ಪ್ಯಾಕ್‌ನಲ್ಲಿ ಇದ್ದದ್ದು ಆಗ ಗೊತ್ತಾಯಿತು. ಅದನ್ನು ತೆಗೆಸಿದೆವು. ಈಗ ತಿಂಗಳು ತಿಂಗಳು ರೀಚಾರ್ಜ್, ಅದೂ ಮನೆಯಲ್ಲಿ ಇದ್ದರೆ ಮಾತ್ರ.