ಹಳೆಯ ಎಸ್‌ಯುವಿ ಕೊಳ್ಳುವ ಮುನ್ನ

ಹೊರನಾಡಿನ ನಗರಗಳಲ್ಲಿ ನೆಲೆಸಿ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಊರಿಗೆ ಹೋಗಿಬರುವ ಕುಟುಂಬಗಳು ಇಂದು ಆರೇಳು ಜನ ಕುಳಿತುಕೊಳ್ಳಬಹುದಾದ ಎತ್ತರದ ವಾಹನಗಳನ್ನು ಹೆಚ್ಚಾಗಿ ಬಯಸುತ್ತಿವೆ. ಎಸ್‌ಯುವಿ ಎಂದು ಕರೆಯಲಾಗುವ ಈ ವಾಹನಗಳನ್ನು ಹೊಸದಾಗಿ ಕೊಳ್ಳುವುದು ಎಲ್ಲರಿಗೂ ಸಾಧ್ಯವಾಗದ ಕಾರಣ, ನಾಲ್ಕಾರು ವರ್ಷ ಓಡಿದ ವಾಹನವನ್ನು ಕೊಳ್ಳುವುದು ಸಹಜವೇ ಆಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಳಪು ಕೊಟ್ಟ ಬಣ್ಣವನ್ನೂ ಹೊಸ ಸೀಟಿನ ಹೊದಿಕೆಯನ್ನೂ ನೋಡಿ ಮುಂಗಡ ಕೊಟ್ಟುಬಿಡುವವರು ಬಹಳ. ವಾಹನದ ದೋಷಗಳು ಹೆಚ್ಚಾಗಿ ಅದರ ಹಿಂದಿನ ಬಳಕೆಯಿಂದ ಹುಟ್ಟುತ್ತವೆ. ಅದು ಎಲ್ಲಿ ಓಡಿತು, ಯಾವ ಕೆಲಸಕ್ಕೆ ಓಡಿತು, ಯಾರು ನೋಡಿಕೊಂಡರು ಎಂಬುದನ್ನು ಕಂಡುಕೊಳ್ಳುವುದೇ ಪರೀಕ್ಷೆಯ ಉದ್ದೇಶ.

ಎಂಜಿನ್ ತಣ್ಣಗಿರುವಾಗ

ವಾಹನವನ್ನು ಹಗಲು ಬೆಳಕಿನಲ್ಲಿಯೇ ನೋಡಬೇಕು. ತಾವು ಬರುವ ಮುನ್ನ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ತಿಳಿಸಿ, ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವುದು ಉತ್ತಮ. ಅದು ಬೆಚ್ಚಗಿದ್ದರೆ ಕಾರಣವನ್ನು ಕೇಳತಕ್ಕದ್ದು. ಸವೆದ ಡೀಸೆಲ್ ಎಂಜಿನ್ನಿನ ನ್ಯೂನತೆಯು ತಣ್ಣಗಿರುವಾಗ ಕಾಣಿಸಿಕೊಂಡು, ಬಿಸಿಯಾದ ಮೇಲೆ ಮರೆಯಾಗುವುದುಂಟು. ಚಾಲೂ ಆಗಲು ತಡವಾಗುವುದು, ಮೊದಲ ನಿಮಿಷದಲ್ಲಿ ಎಂಜಿನ್ ವಿಪರೀತ ಅದುರುವುದು, ಒಳಗಿನಿಂದ ಸರಪಳಿ ಬಡಿದಂಥ ಸದ್ದು ಬರುವುದು ಇವೆಲ್ಲವೂ ದುಬಾರಿ ದುರಸ್ತಿಯ ಮುನ್ಸೂಚನೆಗಳು.

ಸೈಲೆನ್ಸರಿನಿಂದ ಬರುವ ಹೊಗೆಯ ಬಣ್ಣವನ್ನೂ ಗಮನಿಸಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ತಿಳಿಯಬಹುದು. ಪಿಸ್ಟನ್ ರಿಂಗುಗಳಾಗಲಿ ಟರ್ಬೋ ಆಗಲಿ ಸವೆದಿರುತ್ತವೆ. ದಟ್ಟವಾದ ಕಪ್ಪು ಹೊಗೆಯು ಇಂಜೆಕ್ಟರಿನ ಅಥವಾ ಗಾಳಿಯ ಪೂರೈಕೆಯ ದೋಷವನ್ನು ತೋರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ದ್ರವವು ಎಂಜಿನ್ನಿನ ಒಳಗೆ ಸೇರುತ್ತಿರುವ ಸಂಭವವಿದೆ. ಆಗ ಆಯಿಲ್ ತುಂಬುವ ಮುಚ್ಚಳದ ಒಳಬದಿಯನ್ನು ನೋಡಬೇಕು. ಅಲ್ಲಿ ಕೆನೆಯಂಥ ಬಿಳಿಯ ಜಿಡ್ಡಿದ್ದರೆ, ಅಥವಾ ಕೂಲಂಟ್ ಡಬ್ಬಿಯಲ್ಲಿ ಎಣ್ಣೆಯ ಪೊರೆ ತೇಲುತ್ತಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅಂಥ ವಾಹನವನ್ನು ಬಿಡುವುದೇ ಕ್ಷೇಮ. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬಾರದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಹಂತ-6 ನಿಯಮಗಳ ಬಳಿಕ ತಯಾರಾದ ಡೀಸೆಲ್ ವಾಹನಗಳಲ್ಲಿ ಇನ್ನೊಂದು ವಿಷಯವಿದೆ. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಶೋಧಕವೊಂದು ಇವುಗಳ ಸೈಲೆನ್ಸರ್ ಮಾರ್ಗದಲ್ಲಿರುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಡಿಪಿಎಫ್ ಎನ್ನುತ್ತಾರೆ. ಇದರಲ್ಲಿ ಸೇರಿದ ಮಸಿಯು ಹೆಚ್ಚಿನ ಉಷ್ಣದಲ್ಲಿ ಸುಟ್ಟುಹೋಗಬೇಕಾದರೆ ವಾಹನವು ಆಗಾಗ ಹೆದ್ದಾರಿಯಲ್ಲಿ ಸಮವೇಗದಿಂದ ಓಡಬೇಕು. ಮುಂಬಯಿಯ ಅಥವಾ ದೆಹಲಿಯ ದಟ್ಟಣೆಯಲ್ಲಿ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿದ ವಾಹನದಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಹೊಸ ಶೋಧಕದ ಬೆಲೆ ಬಹಳ. ‘ಕಡಿಮೆ ಓಡಿದ ಗಾಡಿ’ ಎಂಬ ಮಾತು ಡೀಸೆಲ್ ವಾಹನದ ಮಟ್ಟಿಗೆ ಯಾವಾಗಲೂ ಹೊಗಳಿಕೆಯಲ್ಲ. ಗಣಕ ಯಂತ್ರ ಜೋಡಿಸಿ ಪರೀಕ್ಷಿಸುವ ಗ್ಯಾರೇಜಿನಲ್ಲಿ ಶೋಧಕದ ಸ್ಥಿತಿಯನ್ನೂ, ದಾಖಲಾಗಿರುವ ದೋಷಸಂಕೇತಗಳನ್ನೂ ತಿಳಿಯಬಹುದು. ತಮ್ಮ ದಿನದ ಓಡಾಟವೂ ಅಷ್ಟೇ ಕಿರಿದಾಗಿದ್ದರೆ ಪೆಟ್ರೋಲ್ ವಾಹನವನ್ನು ಆರಿಸಿಕೊಳ್ಳುವುದು ಲೇಸು.

ನೆರೆಯಲ್ಲಿ ಮುಳುಗಿದ ವಾಹನ

2005ರ ಜುಲೈ 26ರಂದು ಮುಂಬಯಿಯಲ್ಲಿ, 2015ರ ಡಿಸೆಂಬರಿನಲ್ಲಿ ಮತ್ತು ಪುನಃ 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸುರಿದ ಮಳೆಗೆ ಅಸಂಖ್ಯ ವಾಹನಗಳು ನೀರಿನಲ್ಲಿ ನಿಂತವು. ವಿಮಾ ಸಂಸ್ಥೆಗಳು ಪೂರ್ಣ ನಷ್ಟವೆಂದು ಪರಿಗಣಿಸಿದ ವಾಹನಗಳು ಹರಾಜಾಗಿ, ತೊಳೆದು ಒಣಗಿ, ಬೇರೊಂದು ಊರಿನ ಮಾರುಕಟ್ಟೆಗೆ ಬರುವುದುಂಟು. ಕೆಲವು ತಿಂಗಳು ಅವು ಸರಿಯಾಗಿಯೇ ಓಡುತ್ತವೆ. ಆನಂತರ ತಂತಿಗಳ ಕೀಲುಗಳಲ್ಲಿ ತುಕ್ಕು ಹಿಡಿದು, ಬ್ರೇಕ್ ಹಾಗೂ ಗಾಳಿಚೀಲಗಳನ್ನು ನಿಯಂತ್ರಿಸುವ ವಿದ್ಯುನ್ಮಾನ ಘಟಕಗಳು ಯಾವ ಸೂಚನೆಯೂ ಇಲ್ಲದೆ ಕೈಕೊಡುತ್ತವೆ. ಇದು ಹಣದ ಪ್ರಶ್ನೆ ಮಾತ್ರವಲ್ಲ, ಒಳಗೆ ಕುಳಿತವರ ಪ್ರಾಣದ ಪ್ರಶ್ನೆಯೂ ಹೌದು.

ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ, ಎಂದೂ ಹೊರಬರದ ಆ ಭಾಗದಲ್ಲಿ ಕೆಸರಿನ ಕಲೆ ಉಳಿದಿರುವುದು ಕಾಣಬಹುದು. ತೊಳೆಯುವವರು ಸಾಮಾನ್ಯವಾಗಿ ಮರೆಯುವ ಜಾಗ ಅದು. ಕಾಲಡಿಯ ಹಾಸನ್ನು ಎತ್ತಿ ತೇವವಿದೆಯೇ ಎಂದು ಮುಟ್ಟಿ ನೋಡಬೇಕು. ಸೀಟಿನ ಕೆಳಗಿನ ಹಳಿ ಹಾಗೂ ಬೋಲ್ಟುಗಳಲ್ಲಿ ತುಕ್ಕು, ಸ್ಟೆಪ್ನಿ ಇಡುವ ಕಡೆ ಒಣಗಿದ ಮಣ್ಣು, ಮುಂದೀಪದ ಗಾಜಿನೊಳಗೆ ಹಬೆ, ಎಲ್ಲಕ್ಕೂ ಮಿಗಿಲಾಗಿ ಬಾಗಿಲು ಮುಚ್ಚಿ ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆ ಇವು ಒಟ್ಟಿಗೆ ಕಂಡರೆ ಸಂಶಯಕ್ಕೆ ಎಡೆಯಿಲ್ಲ. ಹಳೆಯ ವಾಹನದೊಳಗೆ ಸುಗಂಧವು ಅತಿಯಾಗಿದ್ದರೂ ಯೋಚಿಸಬೇಕಾದದ್ದೇ.

ಅಡಿಭಾಗ ಮತ್ತು ಟೈರು

ಬೊಲೆರೊ, ಸ್ಕಾರ್ಪಿಯೊಗಳಂಥ ವಾಹನಗಳ ದೇಹವು ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕುಳಿತಿರುತ್ತದೆ. ಕ್ರೆಟಾ, ಬ್ರೆಜಾಗಳಂಥವುಗಳಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ, ದೇಹವೇ ಭಾರವನ್ನು ಹೊರುತ್ತದೆ. ಮೊದಲಿನ ಬಗೆಯಲ್ಲಿ ಚೌಕಟ್ಟಿನ ತುಕ್ಕು, ಬಾಗು ಮತ್ತು ಬೆಸುಗೆಯ ಗುರುತುಗಳನ್ನೂ, ಎರಡನೆಯದರಲ್ಲಿ ಚಕ್ರಗಳ ಮೇಲಿನ ಕಮಾನು ಹಾಗೂ ಬಾಗಿಲ ಚೌಕಟ್ಟುಗಳಲ್ಲಿ ಅಪಘಾತದ ಗುರುತುಗಳನ್ನೂ ಹುಡುಕಬೇಕು. ಕಡಲ ತೀರದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ವಾಹನದ ಅಡಿಭಾಗವನ್ನು ಗ್ಯಾರೇಜಿನಲ್ಲಿ ಮೇಲಕ್ಕೆತ್ತಿಸಿ ನೋಡುವುದು ಅವಶ್ಯ. ಮಾರಾಟಕ್ಕೆ ಮುನ್ನವಷ್ಟೇ ಬಳಿದ ಹೊಸ ಕಪ್ಪು ಬಣ್ಣವು ಏನನ್ನೋ ಮರೆಮಾಡಲು ಬಳಿದದ್ದೂ ಆಗಿರಬಹುದು. ಬಾನೆಟ್ಟಿನ ಬೋಲ್ಟುಗಳ ಮೇಲೆ ಬಣ್ಣ ಕಿತ್ತಿದ್ದರೆ ಅದನ್ನು ಎಂದೋ ಬಿಚ್ಚಲಾಗಿದೆಯೆಂದು ತಿಳಿಯಬೇಕು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಸೂಚಿಸುತ್ತವೆ. 3219 ಎಂದಿದ್ದರೆ 2019ರ 32ನೆಯ ವಾರ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ, ಅಥವಾ ಅದಕ್ಕಿಂತ ಹೆಚ್ಚಿನ ಪೆಟ್ಟೊಂದು ಬಿದ್ದಿದೆ. ಮೀಟರು 40,000 ಕಿಲೋಮೀಟರ್ ತೋರುತ್ತಿರುವಾಗ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿದ್ದರೆ, ಸ್ಟೀರಿಂಗ್ ಚಕ್ರವು ಕೈತಾಗಿ ಹೊಳೆಯುತ್ತಿದ್ದರೆ, ಮೀಟರನ್ನು ನಂಬಲಾಗದು. ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆಯಲ್ಲಿ ಪ್ರತಿ ಭೇಟಿಯ ಕಿಲೋಮೀಟರ್ ಬರೆದಿರುತ್ತದೆ. ಮಾಲೀಕರ ಒಪ್ಪಿಗೆಯಿಂದ ಅದನ್ನು ಕೇಳಿ ಪಡೆಯಬೇಕು.

ರಸ್ತೆಯ ಮೇಲೆ

ಕೀಲಿ ತಿರುಗಿಸಿದಾಗ ಗಾಳಿಚೀಲದ ಎಚ್ಚರಿಕೆ ದೀಪವು ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಅದು ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳದೆಯೇ ಇದ್ದರೆ ಯಾರೋ ದೋಷವನ್ನು ಮುಚ್ಚಿಟ್ಟಿರಬಹುದು. ಅರ್ಧ ಗಂಟೆಯಾದರೂ, ಉಬ್ಬುತಗ್ಗುಗಳಿರುವ ರಸ್ತೆಯಲ್ಲೂ ಏರಿನಲ್ಲೂ ಓಡಿಸಿ ನೋಡಬೇಕು. ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಮನೆಯ ಹಿರಿಯರೂ ಮಕ್ಕಳೂ ಕೂರುವ ಹಿಂದಿನ ಸಾಲಿನಲ್ಲಿ ತಾವೇ ಕುಳಿತು, ಅಲ್ಲಿಗೆ ಎಸಿಯ ಗಾಳಿ ತಲುಪುವುದೇ ಎಂದು ನೋಡುವುದನ್ನು ಅನೇಕರು ಮರೆಯುತ್ತಾರೆ. ನಾಲ್ಕು ಚಕ್ರಗಳಿಗೂ ಶಕ್ತಿ ಹಾಯಿಸುವ ವ್ಯವಸ್ಥೆಯಿದ್ದಲ್ಲಿ ಅದನ್ನು ಸಡಿಲ ಮಣ್ಣಿನ ನೆಲದಲ್ಲಿ ಹಾಕಿಸಿ ನೋಡಬೇಕು. ವರ್ಷಾನುಗಟ್ಟಲೆ ಬಳಸದೆ ಬಿಟ್ಟರೆ ಅದು ಅಂಟಿಕೊಂಡಿರುತ್ತದೆ.

ದಾಖಲೆಗಳು

ನೋಂದಣಿ ಪತ್ರದಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನವುಗಳೊಡನೆ ಅಕ್ಷರಶಃ ಹೋಲಿಸಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ನೋಂದಣಿಯ ವಿವರ, ವಿಮೆಯ ಅವಧಿ ಮತ್ತು ಸಾಲದ ಹೊಣೆ ಇದೆಯೇ ಎಂಬುದನ್ನು ತಿಳಿಯಬಹುದು. ಬಾಕಿಯಿರುವ ದಂಡಗಳನ್ನೂ ಪರಿಶೀಲಿಸಬೇಕು. ಸಾಲವಿದ್ದಲ್ಲಿ ಬ್ಯಾಂಕಿನ ಋಣಮುಕ್ತಿ ಪತ್ರ ಮತ್ತು ನಮೂನೆ 35 ಇಲ್ಲದೆ ವ್ಯವಹಾರ ಮುಗಿಸಬಾರದು. ವ್ಯಾಪಾರಿಯ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅವರು ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆದಿದ್ದಾರೆಯೇ ಎಂದು ಕೇಳಬೇಕು.

ದೆಹಲಿಯಿಂದ ಅಗ್ಗವಾಗಿ ಬರುವ ಡೀಸೆಲ್ ವಾಹನಗಳ ಬಗ್ಗೆ ವಿಶೇಷ ಎಚ್ಚರ ಬೇಕು. ರಾಷ್ಟ್ರ ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014 ಮತ್ತು 2015ರಲ್ಲಿ ಹೊರಡಿಸಿದ ಆದೇಶಗಳಿಗೆ ಅನುಗುಣವಾಗಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿರ್ಬಂಧವನ್ನು ಮುಂದುವರಿಸಿತು. 2025ರಲ್ಲಿ ಈ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದು ಸಡಿಲಿಕೆಗಳಾಗಿವೆ. ಅಲ್ಲಿಯೇ ಬಳಸುವವರು ಕೊಳ್ಳುವ ದಿನದ ಸ್ಥಿತಿಯನ್ನು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಬೇರೆ ರಾಜ್ಯಕ್ಕೆ ಒಯ್ಯುವವರಿಗೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ನಿವೃತ್ತಿಯ ನಂತರ ಕರ್ನಾಟಕಕ್ಕೆ ಮರಳುವ ಯೋಚನೆಯುಳ್ಳವರು, ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ 12 ತಿಂಗಳಿಗೂ ಮೀರಿ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂಬುದನ್ನೂ, ಅಲ್ಲಿನ ಜೀವಾವಧಿ ತೆರಿಗೆಯನ್ನು ತೆರಬೇಕೆಂಬುದನ್ನೂ ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30ರಲ್ಲಿ ಸಹಿಗಳಾಗಬೇಕು. ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ವರದಿ ಮಾಡಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣವು ವಿಧಿಸುತ್ತದೆ. ವಿಮೆಯನ್ನೂ ತಮ್ಮ ಹೆಸರಿಗೆ ಬದಲಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಎರಡೂ ಕೀಲಿಗಳನ್ನು ಕೇಳಿ ಪಡೆದು, ಹಣದ ಒಂದು ಭಾಗವನ್ನು ವರ್ಗಾವಣೆ ಅರ್ಜಿಯ ಸ್ವೀಕೃತಿ ಕೈಸೇರುವವರೆಗೆ ಉಳಿಸಿಕೊಳ್ಳುವಂತೆ ಮಾರುವವರೊಡನೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬಹುದು.