ಡೀಸೆಲ್ ಮುಳ್ಳನ್ನು ಎಷ್ಟು ನಂಬಬಹುದು?

ಮಾಗಡಿ ತಾಲ್ಲೂಕಿನಲ್ಲಿ ಬೆಳೆದ ಬೀನ್ಸ್, ಟೊಮೆಟೊ, ಸೊಪ್ಪು ಮುಂತಾದುವು ಹೊತ್ತು ಮೂಡುವ ಮೊದಲೇ ತಾವರೆಕೆರೆಯ ಮೇಲೆ ಹಾದು ಬೆಂಗಳೂರು ಸೇರಬೇಕಾಗುತ್ತದೆ. ಇದರಲ್ಲಿ ಒಂದು ಪಾಲು ಸುಮನಹಳ್ಳಿಯ ಬಳಿ ಹೊರವರ್ತುಲ ರಸ್ತೆಗೆ ತಿರುಗಿ ನಾಗರಬಾವಿಯ ಅಂಗಡಿಗಳಿಗೆ ಹೋಗುತ್ತದೆ. ಹಿಂದೆ ಇಂತಹ ಸಾಗಣೆಗೆ ಬಾಡಿಗೆ ಲಾರಿಯನ್ನೋ ಬಸ್ಸನ್ನೋ ಕಾಯಬೇಕಾಗಿತ್ತು. 2005ರಲ್ಲಿ ಟಾಟಾ ಏಸ್ ಬಂದ ನಂತರ ಸಣ್ಣ ಸರಕು ವಾಹನಗಳ ಬಳಕೆ ಹೆಚ್ಚಿ, ಈಗ ಅನೇಕ ರೈತರು ಸ್ವಂತ ಪಿಕಪ್ ಗಾಡಿ ಹೊಂದಿದ್ದಾರೆ.

ಗಾಡಿ ಸ್ವಂತದ್ದಾದ ಮೇಲೆ ಡೀಸೆಲ್ ಲೆಕ್ಕವೂ ಸ್ವಂತದ್ದೇ. ಮುಳ್ಳು ಇನ್ನೂ ಕಾಲು ಭಾಗ ತೋರಿಸುತ್ತಿದೆ, ಹೋಗಿ ಬರಬಹುದು ಎಂದು ಹೊರಟ ಗಾಡಿ ದಾರಿಯಲ್ಲಿ ನಿಂತರೆ ಸೊಪ್ಪು ಬಾಡುತ್ತದೆ, ಹೊತ್ತೇರಿದಂತೆ ಬೆಲೆಯೂ ಇಳಿಯುತ್ತದೆ. ಆದುದರಿಂದ ಈ ಮುಳ್ಳು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ತಿಳಿದಿರುವುದು ಅವಶ್ಯ.

ಮುಳ್ಳು ಅಳೆಯುವುದೇನನ್ನು?

ಟ್ಯಾಂಕಿನ ಒಳಗೆ ಒಂದು ತೇಲುಬುರುಡೆ ಇರುತ್ತದೆ. ಡೀಸೆಲ್ ಇಳಿದಂತೆ ಬುರುಡೆ ಇಳಿಯುತ್ತದೆ. ಅದಕ್ಕೆ ಜೋಡಿಸಿದ ಕಡ್ಡಿಯು ಒಂದು ವಿದ್ಯುತ್ ನಿರೋಧಕ ಪಟ್ಟಿಯ ಮೇಲೆ ಸರಿಯುತ್ತದೆ. ಇದರಿಂದ ವಿದ್ಯುತ್ ಪ್ರವಾಹ ಹೆಚ್ಚುಕಡಿಮೆಯಾಗಿ ಚಾಲಕನ ಮುಂದಿನ ಮುಳ್ಳು ಆಡುತ್ತದೆ. ಅಂದರೆ ಈ ಸಾಧನ ಅಳೆಯುವುದು ಡೀಸೆಲಿನ ಮಟ್ಟವನ್ನೇ ಹೊರತು ಲೀಟರನ್ನಲ್ಲ. ಕಿಲೋಮೀಟರನ್ನಂತೂ ಅಲ್ಲವೇ ಅಲ್ಲ.

ಮಟ್ಟಕ್ಕೂ ಲೀಟರಿಗೂ ಇರುವ ವ್ಯತ್ಯಾಸವನ್ನು ಅಡ್ಡ ಮಲಗಿಸಿದ 200 ಲೀಟರಿನ ಡ್ರಮ್ಮಿನಿಂದ ತಿಳಿಯಬಹುದು. ಅದರಲ್ಲಿ ಅರ್ಧ ಎತ್ತರಕ್ಕೆ ಎಣ್ಣೆ ಇದ್ದರೆ 100 ಲೀಟರ್ ಇರುವುದು ಸರಿಯೇ. ಆದರೆ ಕಾಲು ಎತ್ತರಕ್ಕೆ ಇದ್ದಾಗ 50 ಲೀಟರ್ ಇರುವುದಿಲ್ಲ, ಸುಮಾರು 39 ಲೀಟರ್ ಮಾತ್ರ ಇರುತ್ತದೆ. ಡ್ರಮ್ಮಿನ ತಳ ಕಿರಿದಾಗುವುದೇ ಇದಕ್ಕೆ ಕಾರಣ. ಪಿಕಪ್ ಗಾಡಿಯ ಟ್ಯಾಂಕನ್ನು ಚಾಸಿಯ ಪಕ್ಕದಲ್ಲಿ ಸಿಗುವ ಜಾಗಕ್ಕೆ ಹೊಂದುವಂತೆ ಮಾಡಿರುತ್ತಾರೆ. ಆದ್ದರಿಂದ ಮುಳ್ಳಿನ ಪ್ರತಿಯೊಂದು ಗೆರೆಗೂ ಸಮನಾದ ಲೀಟರ್ ಇರುತ್ತದೆಂದು ಭಾವಿಸಬಾರದು.

ಇದಲ್ಲದೆ ಟ್ಯಾಂಕ್ ತುಂಬಿಸಿದ ಮೇಲೆ ಹಲವು ಕಿ.ಮೀ. ಓಡಿದರೂ ಮುಳ್ಳು ಕದಲದಿರುವುದುಂಟು. ಬುರುಡೆ ತನ್ನ ಮೇಲಿನ ಮಿತಿ ಮುಟ್ಟಿದ ಮೇಲೂ ಒಂದಿಷ್ಟು ಡೀಸೆಲ್ ಹಿಡಿಯುವುದರಿಂದ ಹೀಗಾಗುತ್ತದೆ. ಮೇಲಿನ ಅರ್ಧ ಹೆಚ್ಚು ದಿನ ಬಂದು ಕೆಳಗಿನ ಅರ್ಧ ಬೇಗ ಮುಗಿಯಿತೆಂದು ಅನೇಕರು ಹೇಳುವುದಕ್ಕೆ ಇದೂ ಒಂದು ಕಾರಣ. ಏರಿನಲ್ಲಿಯೋ, ಒಂದು ಪಕ್ಕಕ್ಕೆ ವಾಲಿಯೋ ನಿಂತ ಗಾಡಿಯಲ್ಲಿ ಡೀಸೆಲ್ ಒಂದು ಕಡೆಗೆ ಸರಿದು ಮುಳ್ಳು ತಪ್ಪು ತೋರಿಸುತ್ತದೆ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡುವುದು ಸರಿಯಾದ ಕ್ರಮ.

ಕಿಲೋಮೀಟರ್ ತೋರಿಸುವ ಗಾಡಿಗಳು

ಕೆಲವು ಹೊಸ ಗಾಡಿಗಳಲ್ಲಿ ಇನ್ನೆಷ್ಟು ಕಿ.ಮೀ. ಓಡಬಹುದೆಂದು ಅಂಕಿಯಲ್ಲೇ ತೋರಿಸುವ ವ್ಯವಸ್ಥೆ ಇದೆ. ಉಳಿದ ಡೀಸೆಲನ್ನು ಗಾಡಿ ಈಚೆಗೆ ಕೊಟ್ಟ ಮೈಲೇಜಿನಿಂದ ಗುಣಿಸಿ ಈ ಅಂಕಿ ಬರುತ್ತದೆ. ಹಿಂದಿನ ಓಟವೇ ಮುಂದೆಯೂ ಇರುವುದೆಂಬ ಊಹೆ ಇದರಲ್ಲಿ ಅಡಗಿದೆ.

ಒಂದು ಉದಾಹರಣೆ ನೋಡೋಣ. ಖಾಲಿ ಗಾಡಿ ಲೀಟರಿಗೆ 14 ಕಿ.ಮೀ., ಹೇರು ತುಂಬಿದಾಗ 10 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಹಿಂದಿನ ದಿನ ಖಾಲಿಯಾಗಿ ಮರಳಿದ ಗಾಡಿಯಲ್ಲಿ 8 ಲೀಟರ್ ಉಳಿದಿದ್ದರೆ ಅಂಕಿ 112 ಕಿ.ಮೀ. ಎನ್ನುತ್ತದೆ. ಹೋಗಲು 45, ಬರಲು 45, ಒಟ್ಟು 90 ಕಿ.ಮೀ. ದಾರಿಗೆ ಇದು ಧಾರಾಳವೆಂದು ತೋರುತ್ತದೆ. ಆದರೆ ಹೇರಿನೊಡನೆ ಹೋಗಲು 4.5 ಲೀಟರ್, ಖಾಲಿ ಬರಲು 3.2 ಲೀಟರ್, ಒಟ್ಟು 7.7 ಲೀಟರ್ ಬೇಕು. ಉಳಿಯುವುದು 300 ಮಿ.ಲೀ. ಮಾತ್ರ. ವರ್ತುಲ ರಸ್ತೆಯ ದಟ್ಟಣೆಯಲ್ಲಿ ಇಂಜಿನ್ ಓಡುತ್ತಾ ಗಾಡಿ ನಿಂತರೆ ಅದೂ ಸಾಲದು; ಅಲ್ಲಿ ಡೀಸೆಲ್ ಸುಡುತ್ತದೆ, ಕಿ.ಮೀ. ಏರುವುದಿಲ್ಲ.

ಪೂರ್ತಿ ಬರಿದಾದರೆ

ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಗೆ ಇದು ಹೆಚ್ಚು ಕಷ್ಟಕರ. ಡೀಸೆಲ್ ತೀರಿದಾಗ ಕೊಳವೆಯೊಳಗೆ ಗಾಳಿ ಸೇರುತ್ತದೆ. ಟ್ರ್ಯಾಕ್ಟರ್ ಇಟ್ಟವರಿಗೆ ಈ ಏರ್ ಲಾಕ್ ಹೊಸದೇನಲ್ಲ. ಆಮೇಲೆ ಡೀಸೆಲ್ ಹಾಕಿದರೂ ಗಾಳಿ ತೆಗೆಯದೆ ಇಂಜಿನ್ ಚಾಲೂ ಆಗದಿರಬಹುದು. ಈಗಿನ ಗಾಡಿಗಳ ಅಧಿಕ ಒತ್ತಡದ ಪಂಪಿಗೆ ಡೀಸೆಲೇ ಜಾರುಎಣ್ಣೆಯೂ ಹೌದು; ಒಣಗಿ ತಿರುಗಿದರೆ ಅದು ಸವೆಯುತ್ತದೆ, ದುರಸ್ತಿ ದುಬಾರಿಯಾಗುತ್ತದೆ.

ಸ್ವಂತ ಲೆಕ್ಕ ಇಡುವ ವಿಧಾನ

1. ಪಂಪ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಮೀಟರಿನ ಕಿ.ಮೀ. ಬರೆದಿಡಬೇಕು.

2. ಕೆಲವು ಓಟಗಳ ನಂತರ ಅದೇ ರೀತಿ ಮತ್ತೆ ತುಂಬಿಸಬೇಕು. ಓಡಿದ ದೂರ 420 ಕಿ.ಮೀ., ಹಿಡಿದ ಡೀಸೆಲ್ 35 ಲೀಟರ್ ಆದರೆ ಮೈಲೇಜು 12 ಕಿ.ಮೀ. ಒಂದೇ ಸಲದ ಲೆಕ್ಕ ನಂಬದೆ ಮೂರು ನಾಲ್ಕು ಸಲ ನೋಡಬೇಕು.

3. ಹೇರು ಹೆಚ್ಚಾಗಿ ಒಯ್ಯುವ ದಿನಗಳ ಲೆಕ್ಕವನ್ನು ಬೇರೆಯಾಗಿ ಇಡಬೇಕು. ಪ್ರಯಾಣಕ್ಕೆ ಮುನ್ನ ಕಡಿಮೆ ಬಂದ ಅಂಕಿಯನ್ನೇ ಹಿಡಿಯುವುದು ಕ್ಷೇಮ.

4. ಎಚ್ಚರಿಕೆ ದೀಪ ಹತ್ತಿದ ಕೂಡಲೆ ಬಂಕಿಗೆ ಹೋಗಿ ಪೂರ್ತಿ ತುಂಬಿಸಿ ನೋಡಬೇಕು. 45 ಲೀಟರಿನ ಟ್ಯಾಂಕ್ 38 ಲೀಟರ್ ಹಿಡಿದರೆ, ದೀಪ ಹತ್ತಿದಾಗ ಸುಮಾರು 7 ಲೀಟರ್ ಇತ್ತೆಂದು ತಿಳಿಯುತ್ತದೆ. ಟ್ಯಾಂಕಿನ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತದೆ. ತಳದ ಕೊನೆಯ ಡೀಸೆಲ್ ಕೊಳವೆಗೆ ಎಟುಕದಿರಬಹುದಾದ್ದರಿಂದ ಇಷ್ಟೂ ಉಪಯೋಗಕ್ಕೆ ಬರುವುದೆಂದು ಎಣಿಸಬಾರದು.

5. ಬಂಕಿನ ಅಳತೆಯ ಬಗ್ಗೆ ಸಂಶಯವಿದ್ದರೆ ಅಲ್ಲಿರುವ 5 ಲೀಟರಿನ ಮುದ್ರೆಯ ಅಳತೆ ಪಾತ್ರೆಯಲ್ಲಿ ಪರೀಕ್ಷಿಸಲು ಕೇಳಬಹುದು.

6. ಮುಳ್ಳು ದಿಢೀರನೆ ಬಿದ್ದರೆ ಅಥವಾ ಒಂದೇ ಕಡೆ ನಿಂತರೆ ತೇಲುಬುರುಡೆ, ವೈರುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಬೇಕು. ದಿಢೀರನೆ ಇಳಿದಾಗ ಡೀಸೆಲ್ ಸೋರುತ್ತಿದೆಯೇ ಎಂದೂ ನೋಡಬೇಕು.

ಮುಳ್ಳು ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಹೇಳುವುದೂ ಇಲ್ಲ. ಅದು ಕಾಲು ಭಾಗಕ್ಕೆ ಬಂದಾಗಲೇ, ಅಂದರೆ ಹೇರು ತುಂಬುವ ಹಿಂದಿನ ಸಂಜೆಯೇ, ಡೀಸೆಲ್ ಹಾಕಿಸಿಟ್ಟರೆ ಬೆಳಗಿನ ಜಾವದ ಓಟಕ್ಕೆ ಚಿಂತೆ ಇರುವುದಿಲ್ಲ. ಬಿತ್ತನೆ, ಗೊಬ್ಬರಗಳ ಲೆಕ್ಕ ಬರೆಯುವ ಪುಸ್ತಕದಲ್ಲೇ ಡೀಸೆಲಿಗೂ ಒಂದು ಪುಟ ಮೀಸಲಿಟ್ಟರೆ, ಒಂದು ಹೇರಿನ ಸಾಗಣೆ ಖರ್ಚು ಎಷ್ಟೆಂಬುದೂ ರೈತರಿಗೆ ಖಚಿತವಾಗಿ ತಿಳಿಯುತ್ತದೆ.